ಅವಳ ಕೈ ಸ್ವಲ್ಪ ಅವಸರ

ಮೂವತ್ತೊಂದು ವರ್ಷ ಒಂದೇ ಲ್ಯಾಬಿನಲ್ಲಿ ಉಪ್ಪನ್ನು ನೀರಿಗೆ ಹಾಕಿ ಕರಗಿಸುವುದು, ಆಮೇಲೆ ಅದೇ ಉಪ್ಪನ್ನು ನೀರಿನಿಂದ ಹರಳಾಗಿ ಹೊರಗೆ ಬರಿಸುವುದು, ಇದನ್ನೇ ಮಾಡಿಕೊಂಡು ಬಂದವನಿಗೆ ಹರಳಣ್ಣ ಎಂದಲ್ಲದೆ ಬೇರೆ ಹೆಸರು ಎಲ್ಲಿ ನಿಲ್ಲುತ್ತದೆ? ಬೆನ್ನ ಹಿಂದೆ ಹರಳೆಣ್ಣೆ ಅನ್ನುವವರೂ ಇದ್ದರು. ಅವರದೂ ತಪ್ಪಲ್ಲ, ಅವನ ಮುಖ ಯಾವಾಗಲೂ ಎರಡು ಚಮಚ ಕುಡಿದೇ ಮನೆ ಬಿಟ್ಟವನ ಹಾಗಿರುತ್ತಿತ್ತು. ಆದರೆ ಕೈಗುಣ ದೊಡ್ಡದು. ಓದಿದವರು ಮೂರು ದಿನ ಕಾದರೂ ಹರಳು ಬಿಡದೆ ಮುನಿಸಿಕೊಂಡು ಕೂತ ದ್ರಾವಣ, ಹರಳಣ್ಣ ಹತ್ತಿರ ಬಂದು ಒಮ್ಮೆ ಕೆಮ್ಮಿದರೆ ಸಾಕು, ದಾರಿಗೆ ಬರುತ್ತದೆ ಎಂದು ಇಡೀ ಕಟ್ಟಡದಲ್ಲಿ ಮಾತಿತ್ತು. ಆ ಮಾತನ್ನು ಅವನು ಒಪ್ಪಿಕೊಂಡದ್ದಿಲ್ಲ. ಅಲ್ಲಗಳೆದದ್ದೂ ಇಲ್ಲ.

ಲ್ಯಾಬಿಗೆ ಅಂಟಿಕೊಂಡ ತೊಳೆಯುವ ಕೋಣೆಯಲ್ಲಿ ಇದ್ದವಳು ಗಾಜಕ್ಕ. ಹರಳಣ್ಣನ ಹೆಂಡತಿಯ ಒಡಹುಟ್ಟಿದ ತಂಗಿ. ಅವಳ ಗಂಡ ತೀರಿಕೊಂಡ ಮೇಲೆ, ಹನ್ನೆರಡು ವರ್ಷದ ಹಿಂದೆ, ಹರಳಣ್ಣನೇ ಆಫೀಸಿನವರ ಕೈಕಾಲು ಹಿಡಿದು ಈ ಕೆಲಸ ಕೊಡಿಸಿದ್ದ. ಕೆಲಸ ಖಾಯಂ ಅಲ್ಲ. ವರ್ಷಕ್ಕೊಮ್ಮೆ ಕಾಗದ ಹೊಸದಾಗಬೇಕು. ಅವಳು ಪ್ರತಿ ಬೀಕರನ್ನೂ ಏಳು ಸಲ ಜಾಲಿಸಿ, ಕಿಟಕಿಯ ಬೆಳಕಿಗೆ ಎತ್ತಿ ಹಿಡಿದು ನೋಡಿ, ಆಮೇಲೆ ಒಣಗಿಸುವ ಪೆಟ್ಟಿಗೆಯೊಳಗೆ ಇಡುತ್ತಿದ್ದಳು. ಕೈ ಓಡುತ್ತಿದ್ದಷ್ಟೇ ಜೋರಾಗಿ ಬಾಯಿಯೂ ಓಡುತ್ತಿತ್ತು.

“ಈ ಬೀಕರ್ ಸ್ವಲ್ಪ ಮಂಜಾಗಿದೆಯಲ್ಲ?” ಎಂದು ಹರಳಣ್ಣ ಕೆಣಕುವನು.

“ಭಾವ, ನಿಮ್ಮ ಕಣ್ಣು ಮಂಜಾದ್ರೆ ಗಾಜಿನ ಮೇಲೆ ಹಾಕ್ಬೇಡಿ.”

“ನಿನ್ನ ಬಾಯಿ ತೊಳೆಯೋಕೆ ಯಾವ ಸೋಪು ಸಿಗುತ್ತೋ ನೋಡ್ತೀನಿ.”

“ಸಿಕ್ಕಿದ್ರೆ ಅಕ್ಕನಿಗೂ ಒಂದು ತಗೊಂಡ್ಹೋಗಿ. ನಿಮ್ಮನ್ನ ಕಟ್ಕೊಂಡ ದಿನ ನೆನೆಸ್ಕೊಂಡು ಅವಳು ಆಡೋ ಮಾತು ನನ್ನ ಮಾತಿಗಿಂತ ಕೊಳೆ ಇರುತ್ತೆ.”

ಅವಳು ತೊಳೆದು ಕೊಟ್ಟ ಗಾಜನ್ನಾಗಲಿ, ಕಲಕುವ ಅಲಗನ್ನಾಗಲಿ ಹರಳಣ್ಣ ಹಾಗೇ ಬಳಸುತ್ತಿರಲಿಲ್ಲ. ಸೊಂಟಕ್ಕೆ ಸಿಕ್ಕಿಸಿಕೊಂಡ ಬಿಳಿ ಬಟ್ಟೆಯನ್ನು ಎಳೆದು ಇನ್ನೊಂದು ಸಲ ಒರೆಸುವುದು ಅವನ ಅಭ್ಯಾಸ. ಲ್ಯಾಬಿನಲ್ಲಿ ಬಟ್ಟೆ ಬಳಸಬಾರದು, ಬಿಸಾಡುವ ಕಾಗದವನ್ನೇ ಬಳಸಬೇಕು ಎಂದು ಗೋಡೆಯ ಮೇಲೆ ಬರೆದಿತ್ತು. ಗೋಡೆಗೂ ಅವನಿಗೂ ಮೂವತ್ತೊಂದು ವರ್ಷದ ಪರಿಚಯ. ಇಬ್ಬರೂ ಒಬ್ಬರ ತಂಟೆಗೆ ಒಬ್ಬರು ಹೋಗುತ್ತಿರಲಿಲ್ಲ.

“ಏಳು ಸಲ ನಾನು ತೊಳೆದ ಮೇಲೆ ಎಂಟನೇದು ನಿಮ್ಮದು ಯಾಕೆ ಭಾವ?”

“ನನ್ನ ಸಮಾಧಾನಕ್ಕೆ.”

ಹಿಂದಿನ ವರ್ಷ ಹೊಸ ಮೇಡಂ ಬಂದರು. ಚಿಕ್ಕ ವಯಸ್ಸು, ದೊಡ್ಡ ಓದು, ಕೆಳಗಿನವರ ಜೊತೆ ನಯವಾದ ಮಾತು. ಅವರು ತಂದದ್ದು ಒಂದು ಬಿಳಿ ಉಪ್ಪು. ಮೊದಲ ದಿನವೇ ಹರಳಣ್ಣನನ್ನು ಕೂರಿಸಿಕೊಂಡು ತಮ್ಮ ಚಪ್ಪಲಿ ಬಿಚ್ಚಿ ಮೇಜಿನ ಪಕ್ಕ ಜೋಡಿಸಿದರು.

“ಇದು ಎಡಗಾಲಿಂದು, ಇದು ಬಲಗಾಲಿಂದು. ಒಂದೇ ಅಳತೆ, ಒಂದೇ ಚರ್ಮ. ಆದ್ರೂ ಇದರ ಜಾಗಕ್ಕೆ ಅದು ಬರಲ್ಲ. ಈ ಉಪ್ಪಿನ ಹರಳುಗಳಲ್ಲೂ ಹಾಗೇ ಎರಡು ಜಾತಿ.”

“ಎಡಚ, ಬಲಚ,” ಎಂದ ಹರಳಣ್ಣ.

“ಹಾಗೇ ಅನ್ನಿ. ಆದ್ರೆ ನೀರಲ್ಲಿ ಕರಗಿದಾಗ ಅದಕ್ಕೆ ಎಡವೂ ಇಲ್ಲ, ಬಲವೂ ಇಲ್ಲ. ಹರಳು ಕಟ್ಟೋವಾಗ ಕಣದ ಪಕ್ಕ ಕಣ ತಿರುಚಿಕೊಂಡು ಕೂರುತ್ತಲ್ಲ, ಎಡಚನೋ ಬಲಚನೋ ಅಂತ ಆಗಲೇ ತೀರ್ಮಾನ ಆಗೋದು. ಅಲ್ಲಾಡಿಸದೆ ಬಿಟ್ರೆ ಅಲ್ಲೊಂದು ಇಲ್ಲೊಂದು ಹುಟ್ಟಿ ಅರ್ಧ ಎಡಚ, ಅರ್ಧ ಬಲಚ ಆಗ್ತವೆ. ಕಲಕ್ತಾ ಇದ್ರೆ ಮಾತ್ರ ಇಡೀ ಬೀಕರಿಗೆ ಒಂದೇ ಜಾತಿ.”

“ಅದು ಯಾಕೆ?”

“ಮೊದಲು ಹುಟ್ಟಿದ ಹರಳಿಗೆ ತಿರುಗೋ ಅಲಗಿನ ಪೆಟ್ಟು ಬೀಳುತ್ತೆ. ಅದರ ಚೂರುಗಳು ಬೀಕರ್ ತುಂಬಾ ಚೆದರ್ತವೆ. ಒಂದೊಂದು ಚೂರೂ ತಾಯಿ ಹಾಗೇ ಬೆಳೆಯುತ್ತೆ. ಇನ್ನೊಂದು ತಾಯಿ ಹುಟ್ಟೋ ಹೊತ್ತಿಗೆ ಉಪ್ಪೇ ಮುಗಿದಿರುತ್ತೆ.”

ಹರಳಣ್ಣ ತಲೆದೂಗಿದ. “ಅಂದ್ರೆ ಮೊದಲು ಬಂದ ಸೊಸೆ ಯಾರೋ, ಮನೆ ಮಕ್ಕಳಿಗೆಲ್ಲ ಅವಳದೇ ಮೂಗು.”

ಮೇಡಂ ಬಿದ್ದು ಬಿದ್ದು ನಕ್ಕು ಅದನ್ನು ಬೋರ್ಡಿನ ಮೇಲೆ ಬರೆದಿಟ್ಟರು. ಅವರಿಗೆ ಬೇಕಾಗಿದ್ದದ್ದು ಇಷ್ಟೇ: ಮೊದಲ ಹರಳು ಎಡಚ ಆಗುತ್ತದೋ ಬಲಚ ಆಗುತ್ತದೋ ಎನ್ನುವುದು ನಾಣ್ಯ ಚಿಮ್ಮಿದ ಹಾಗೆ. ಇನ್ನೂರು ಬೀಕರ್ ಕಲಕಿ ನೋಡಿದರೆ ಸುಮಾರು ನೂರು ಎಡಚ, ನೂರು ಬಲಚ ಬರಬೇಕು. ಬರುತ್ತದೋ ಇಲ್ಲವೋ ನೋಡಬೇಕು.

ದಿನಕ್ಕೆ ನಾಲ್ಕು ಬೀಕರ್. ಉಪ್ಪನ್ನು ಬಿಸಿ ನೀರಿನಲ್ಲಿ ಕರಗಿಸಿ, ಸೋಸಿ, ಕೋಣೆಯ ತಂಪಿಗೆ ಇಳಿಯುವ ತನಕ ಮುಚ್ಚಿಡುವುದು. ತಣಿದ ಮೇಲೆ ಮೋಟಾರಿನ ಉಕ್ಕಿನ ಅಲಗು ಇಳಿಸಿ ಕಲಕುವುದು. ಸಂಜೆಗೆ ತಳದಲ್ಲಿ ಸಕ್ಕರೆಯಂಥ ಹರಳು ಕೂತಿರುತ್ತದೆ. ಅದನ್ನು ಗಾಜಿನ ಹಲಗೆಯ ಮೇಲೆ ಹರಡಿ, ಬೆಳಕನ್ನು ಸೋಸುವ ಎರಡು ಕಪ್ಪು ಹಾಳೆಗಳ ನಡುವೆ ಇಟ್ಟು, ಮೇಲಿನ ಹಾಳೆಯನ್ನು ಕೊಂಚ ತಿರುಗಿಸಿದರೆ ಬಲಚ ಹರಳು ನೀಲಿ, ಎಡಚ ಹರಳು ಜೇನಿನ ಬಣ್ಣ. ಮೂವತ್ತೊಂದು ವರ್ಷ ಹರಳು ಬೆಳೆಸಿದರೂ ಹರಳಣ್ಣ ಇದನ್ನು ನೋಡಿರಲಿಲ್ಲ. ಮೊದಲ ಸಂಜೆ ಮನೆಗೆ ಹೋಗುವುದನ್ನೇ ಮರೆತು ತಿರುಗಿಸಿ ತಿರುಗಿಸಿ ನೋಡಿದ.

ಹತ್ತು ದಿನಕ್ಕೆ ನಲವತ್ತು ಬೀಕರ್ ಆಯಿತು. ಮೂವತ್ತೆಂಟು ಬಲಚ. ಎರಡು ಎಡಚ, ಅವೂ ಮೊದಲೆರಡು ದಿನದವು.

ಮೇಡಂ ಹರಳಣ್ಣನನ್ನು ತಮ್ಮ ಕೋಣೆಗೆ ಕರೆದು ಬಾಗಿಲು ಒರಗಿಸಿಕೊಂಡರು. “ನಾಣ್ಯ ನಲವತ್ತು ಸಲ ಚಿಮ್ಮಿದಾಗ ಮೂವತ್ತೆಂಟು ಸಲ ಒಂದೇ ಮುಖ ಬಿದ್ರೆ ಯಾರೋ ನಾಣ್ಯ ಮುಟ್ಟಿದಾರೆ ಅಂತ ಅರ್ಥ. ಹಳೇ ಹರಳಿನ ಧೂಳು ಹೊಸ ಬೀಕರಿಗೆ ಹೋಗ್ತಿದೆ. ಕಣ್ಣಿಗೆ ಕಾಣದಷ್ಟು ಇದ್ರೂ ಸಾಕು, ಅದೇ ತಾಯಿ ಆಗಿಬಿಡುತ್ತೆ. ತೊಳೆಯೋದ್ರಲ್ಲೇನಾದ್ರೂ...? ನಿಮಗೆ ಗೊತ್ತಿರುತ್ತೆ. ನೀವು ಹೇಳಿದ್ರೆ ನಾನು ನಂಬ್ತೀನಿ.”

ಆ ಕ್ಷಣವನ್ನು ಹರಳಣ್ಣ ಆಮೇಲೆ ಎಷ್ಟು ಸಲ ತಿರುವಿ ಹಾಕಿದನೋ ಲೆಕ್ಕವಿಲ್ಲ. ಯಾರೂ ಅವನನ್ನು ಬೈದಿರಲಿಲ್ಲ, ಬೆದರಿಸಿರಲಿಲ್ಲ. ಆದರೂ ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುವ ಹಾಗಾಯಿತು. ತಪ್ಪು ತನ್ನದಿರಲು ಸಾಧ್ಯವೇ ಇಲ್ಲ. ಹಾಗಾದರೆ ಇನ್ನೊಬ್ಬರದು ಇರಲೇಬೇಕು. ಹಿಂದಿನ ವಾರ ಗಾಜಕ್ಕ ಹಲ್ಲುನೋವೆಂದು ಅರ್ಧ ಗಂಟೆ ಬೇಗ ಹೋದದ್ದು ನೆನಪಾಯಿತು. ಆ ಅರ್ಧ ಗಂಟೆಯನ್ನು ಅವನು ಮನಸ್ಸಿನಲ್ಲೇ ಹಿಗ್ಗಿಸಿ ಹತ್ತು ದಿನಕ್ಕೆ ಹೊದಿಸಿದ.

“ಒಳ್ಳೆ ಕೆಲಸಗಾರ್ತಿ ಮೇಡಂ,” ಎಂದ. ಅಲ್ಲಿಗೇ ನಿಲ್ಲಿಸಬಹುದಿತ್ತು. “ಆದ್ರೆ... ಅವಳ ಕೈ ಸ್ವಲ್ಪ ಅವಸರ.”

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮುಂದಿನ ಸೋಮವಾರ ಗಾಜಕ್ಕನನ್ನು ಇಲಿಗಳನ್ನು ಸಾಕುವ ವಿಭಾಗಕ್ಕೆ, ನೆಲಮಾಳಿಗೆಯಲ್ಲಿ ಪಂಜರ ತೊಳೆಯಲು ಹಾಕಿದರು. ಲ್ಯಾಬಿಗೆ ಬೀಕರ್ ತೊಳೆಯುವ ಯಂತ್ರ ತರಿಸುವುದೆಂದಾಯಿತು.

ಅವಳು ತನ್ನ ರಬ್ಬರ್ ಕೈಗವಸನ್ನೂ ಕೂರುವ ಸ್ಟೂಲಿನ ಮೆತ್ತೆಯನ್ನೂ ತೆಗೆದುಕೊಳ್ಳಲು ಬಂದಳು. ಅವಳ ಕಣ್ಣು ಕೆಂಪಾಗಿತ್ತು, ಆದರೆ ಅತ್ತದ್ದಕ್ಕೆ ಸಾಕ್ಷಿ ಕೊಡುವ ಹೆಂಗಸಲ್ಲ.

“ಇಲಿ ಮರಿಗಳಾದ್ರೂ ಮಂಜಾಗಿದೆ ಅನ್ನಲ್ವಲ್ಲ, ಬಿಡಿ,” ಎಂದಳು. ಆಮೇಲೆ ತಗ್ಗಿದ ದನಿಯಲ್ಲಿ, “ಭಾವ, ನಾನು ಹೇಗೆ ತೊಳೀತೀನಿ ಅಂತ ನೀವಾದ್ರೂ ಒಂದ್ಮಾತು ಹೇಳಿದ್ರಾ?”

“ಹೇಳ್ದೆ,” ಎಂದ ಹರಳಣ್ಣ.

“ಗೊತ್ತು. ನೀವು ಹೇಳದೆ ಇರ್ತೀರಾ? ನಿಮ್ಮ ಮಾತೂ ಕೇಳಲಿಲ್ಲ ಅಂದ್ರೆ ನನ್ನ ಹಣೆಬರಹ.” ಮೆತ್ತೆಯನ್ನು ಕಂಕುಳಲ್ಲಿ ಇರುಕಿಕೊಂಡು ಹೋದಳು.

ಯಂತ್ರ ಬರಲು ಒಂದು ವಾರ ಹಿಡಿಯಿತು. ಆ ವಾರ ಕೆಲಸವಿರಲಿಲ್ಲವಾಗಿ ಹರಳಣ್ಣನ ಸೊಂಟದ ಬಟ್ಟೆ ಮನೆಗೆ ಹೋಯಿತು. ಹೆಂಡತಿ ಅದನ್ನು ಸೋಪಿನ ನೀರಿನಲ್ಲಿ ಕುದಿಸಿ ಒಗೆದು ಮಡಿಸಿ ಕೊಟ್ಟಳು. ಯಂತ್ರ ಕೂತ ಮೊದಲ ದಿನ ಎರಡು ಬೀಕರ್ ಎಡಚ, ಎರಡು ಬಲಚ. ಮೇಡಂ ಕುಣಿದಾಡಿಬಿಟ್ಟರು. “ನೋಡಿದ್ರಾ ಹರಳಣ್ಣ? ತೊಳೆಯೋದ್ರಲ್ಲೇ ಇತ್ತು ತೊಂದರೆ!” ಹಳೆಯ ನಲವತ್ತನ್ನು ಗೆರೆ ಎಳೆದು ಹೊಡೆದು ಹಾಕಿದರು. ತೊಳೆಯುವವರ ಅಜಾಗ್ರತೆಯಿಂದ ಹತ್ತು ದಿನದ ಕೆಲಸ ಹಾಳಾಯಿತು ಎಂದು ಆಫೀಸಿಗೆ ಎರಡು ಸಾಲು ಬರೆದರು. ಬರೆದು, ಬೇರೆ ಕೆಲಸಕ್ಕೆಂದು ಒಂದು ವಾರ ಊರಾಚೆ ಹೋದರು.

ಎರಡನೆಯ ದಿನ ಮೂರು ಎಡಚ, ಒಂದು ಬಲಚ. ಮೂರನೆಯ ದಿನ ನಾಲ್ಕೂ ಎಡಚ. ನಾಲ್ಕನೆಯ ದಿನವೂ ನಾಲ್ಕೂ ಎಡಚ. ಐದನೆಯ ದಿನ ಹರಳಣ್ಣ ಹಾಳೆ ತಿರುಗಿಸಿದಾಗ ಎಲ್ಲ ಜೇನು, ಬರೀ ಜೇನು.

ತೊಳೆದದ್ದು ಯಂತ್ರ. ಅದಕ್ಕೆ ಅವಸರವೂ ಇಲ್ಲ, ಹಲ್ಲುನೋವೂ ಇಲ್ಲ.

ಅವನು ತನ್ನ ಕೆಲಸವನ್ನು ತಾನೇ ಪಕ್ಕದಲ್ಲಿ ನಿಂತು ನೋಡುವವನ ಹಾಗೆ ಒಂದೊಂದೇ ಹೆಜ್ಜೆ ನೆನೆಸಿಕೊಂಡ. ಸಂಜೆ ಹರಳು ತೆಗೆದೊಡನೆ ಒಂದು ಚಿಟಿಕೆಯನ್ನು ಹೆಬ್ಬೆರಳು ತೋರುಬೆರಳ ನಡುವೆ ಉಜ್ಜಿ ಗಟ್ಟಿಯೋ ಮೆತ್ತಗೋ ನೋಡುವುದು ಹಳೆಯ ಚಟ. ನೋಡಿದ ಬೆರಳನ್ನು ಸೊಂಟದ ಬಟ್ಟೆಗೆ ಒರೆಸುವುದು. ಮರುದಿನ, ದ್ರಾವಣ ತಣಿದ ಮೇಲೆ, ಅಲಗು ಇಳಿಸುವ ಮುಂಚೆ, ಅದೇ ಬಟ್ಟೆಯಿಂದ ಅದೇ ಅಲಗನ್ನು ತನ್ನ ಸಮಾಧಾನಕ್ಕೆ ಎಂಟನೆಯ ಸಲ ಒರೆಸುವುದು.

ಬಟ್ಟೆ ಬಿಚ್ಚಿ ಗಾಜಿನ ಹಲಗೆಯ ಮೇಲೆ ಕೊಡವಿದ. ಬರಿಗಣ್ಣಿಗೆ ಏನೂ ಕಾಣಲಿಲ್ಲ. ಕಪ್ಪು ಹಾಳೆಗಳ ನಡುವೆ ಇಟ್ಟು ಭೂತಕನ್ನಡಿ ಹಿಡಿದು ಬಗ್ಗಿದ. ಕತ್ತಲಲ್ಲಿ ಹತ್ತಾರು ಚುಕ್ಕೆ ಮಿನುಗಿದವು. ಹಾಳೆ ತಿರುಗಿಸಿದ. ಒಂದೂ ಬಿಡದೆ ಎಲ್ಲವೂ ಜೇನಿನ ಬಣ್ಣಕ್ಕೆ ತಿರುಗಿದವು.

ತನ್ನ ತಟ್ಟೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದವರ ತಟ್ಟೆಯ ನೊಣ ತೋರಿಸಿದರು ಎನ್ನುವ ಗಾದೆಯನ್ನು ಅವನೇ ಎಷ್ಟು ಜನರ ಮೇಲೆ ಪ್ರಯೋಗಿಸಿದ್ದನೋ. ಅಷ್ಟೇ ಆಗಿದ್ದರೂ ಸಹಿಸಬಹುದಿತ್ತು. ಮುನಿಸಿಕೊಂಡ ದ್ರಾವಣ ತನ್ನ ಕೆಮ್ಮಿಗೇ ಹರಳು ಬಿಡುತ್ತದೆ ಎಂದು ಮೂವತ್ತೊಂದು ವರ್ಷ ಒಳಗೊಳಗೇ ನಂಬಿದ್ದನಲ್ಲ, ಅದೂ ಬಹುಶಃ ಈ ಬಟ್ಟೆಯದೇ ಕೆಲಸ. ಕೈಗುಣ ಎಂದು ಊರೆಲ್ಲ ಹೊಗಳಿದ್ದು ಸೊಂಟದ ಕೊಳೆಯನ್ನು.

ಇಷ್ಟು ಗೊತ್ತಾದ ಮೇಲೆ ಒಬ್ಬ ನೆಟ್ಟಗಿನ ಮನುಷ್ಯ ಏನು ಮಾಡಬೇಕೋ ಅದನ್ನು ಹರಳಣ್ಣ ಮಾಡಲಿಲ್ಲ. ಬಟ್ಟೆಯನ್ನು ಮನೆಗೆ ಒಯ್ದು ತಾನೇ ಕುದಿಯುವ ನೀರಿಗೆ ಹಾಕಿದ. ದಾಖಲೆಯ ಪುಸ್ತಕದಲ್ಲಿ ಆ ಮೂರು ದಿನದ ಮುಂದೆ ‘ಮೋಟಾರು ಕೆಟ್ಟಿತ್ತು, ಪರಿಗಣಿಸಬಾರದು’ ಎಂದು ದುಂಡಗಿನ ಅಕ್ಷರದಲ್ಲಿ ಬರೆದ. ಮರುದಿನದಿಂದ ಅಲಗನ್ನು ಕಾಗದದಿಂದ ಒರೆಸಿದ. ನಾಣ್ಯ ಸರಿಯಾಗಿ ಬೀಳತೊಡಗಿತು. ಇಂದು ಎರಡು ಎರಡು, ನಾಳೆ ಮೂರು ಒಂದು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎನ್ನುವುದು ಅವನ ಎಣಿಕೆ. ಆದರೆ ಕೋಲಿನ ಕೆಳಗೆ ಬಿದ್ದಿದ್ದದ್ದು ಹಾವಾಗಿರಲಿಲ್ಲ.

ವಾಪಸು ಬಂದ ಮೇಡಂ ಪುಸ್ತಕ ನೋಡಿ ಬೆನ್ನು ತಟ್ಟಿದರು. “ನೀವಿಲ್ದಿದ್ರೆ ಏನ್ಮಾಡ್ತಿದ್ನೋ ಹರಳಣ್ಣ.” ಅವನು ನೆಲ ನೋಡಿದ. ಮೇಡಂ ಅದನ್ನು ವಿನಯ ಎಂದುಕೊಂಡರು.

ಎರಡು ವಾರ ಹೀಗೇ ಹೋಯಿತು. ಒಂದು ಸಂಜೆ ಊಟಕ್ಕೆ ಕೂತಾಗ ಹೆಂಡತಿ ಎದುರಿಗೆ ಬಂದು ಕೂತಳು. ಅವಳು ಬಡಿಸದೆ ಕೂತರೆ ಏನೋ ಇದೆ ಎಂದರ್ಥ.

“ರೀ, ತಂಗಿ ಕಾಗದ ಈ ಸಲ ಹೊಸದಾಗಲ್ವಂತೆ. ಆಫೀಸಲ್ಲಿ ಹೇಳಿದ್ರಂತೆ, ನಿಮ್ಮ ಮೇಡಂ ಏನೋ ಬರೆದಿದಾರೆ ಅಂತ. ತಿಂಗಳ ಕೊನೆಗೆ ಮನೆಗೆ.”

ಹರಳಣ್ಣ ಖಾಲಿ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ.

“ಈ ವಯಸ್ಸಲ್ಲಿ ಅವಳಿಗೆ ಇನ್ಯಾರು ಕೆಲಸ ಕೊಡ್ತಾರೆ? ನೀವು ಆ ಮೇಡಂಗೆ ಒಂದ್ಮಾತು ಹೇಳ್ರೀ. ಅಲ್ಲಿ ನಿಮ್ಮ ಮಾತು ನಡೆಯುತ್ತಲ್ಲ?”

“ನಡೆಯುತ್ತೆ,” ಎಂದ.

“ಮತ್ತೆ ಹೇಳಿ. ಬಾಯಲ್ಲೇನು ಹರಳಿಟ್ಕೊಂಡಿದೀರಾ?”

ಮರುದಿನ ಮಧ್ಯಾಹ್ನ ಅವನು ನೆಲಮಾಳಿಗೆಗೆ ಇಳಿದ. ಮಾಡು ತಗ್ಗು, ಗೋಡೆ ಒದ್ದೆ, ಉಗಿಯ ಜೊತೆ ಇಲಿಯ ವಾಸನೆ. ಗಾಜಕ್ಕ ಮೊಣಕೈ ತನಕ ರಬ್ಬರ್ ಹಾಕಿಕೊಂಡು ತಂತಿಯ ಪಂಜರಗಳನ್ನು ಉಜ್ಜುತ್ತಿದ್ದಳು. ಅವನು ಮೆಟ್ಟಿಲ ಮೇಲೇ ನಿಂತ. ಏನೋ ಸರಿಯಿಲ್ಲ ಅನ್ನಿಸಿತು. ಏನು ಎಂದು ಹೊಳೆಯಲು ಸ್ವಲ್ಪ ಹೊತ್ತು ಬೇಕಾಯಿತು: ಅವಳು ಮಾತಾಡುತ್ತಿರಲಿಲ್ಲ. ಪಕ್ಕದಲ್ಲಿ ಇನ್ನಿಬ್ಬರು ಹೆಂಗಸರು ಹರಟುತ್ತಿದ್ದರೂ ಅವಳು ತುಟಿಯೊಳಗೇ “ಒಂಬತ್ತು, ಹತ್ತು” ಎಂದು ಎಣಿಸುತ್ತಿದ್ದಳು.

“ಹತ್ತು ಸಲ ಯಾಕೆ? ಇಲಿಗೆ ಇಷ್ಟು ಯಾರು ಮಾಡ್ತಾರೆ?” ಎಂದ.

ಅವಳು ತಿರುಗಿ ನೋಡಿ ಸಣ್ಣಗೆ ನಕ್ಕಳು. “ಬನ್ನಿ ಭಾವ. ಅಲ್ಲಿ ಜಾರುತ್ತೆ, ಹುಷಾರು.” ಕೈಗವಸು ಕಳಚಿದಳು. ಬೆರಳ ತುದಿಗಳು ನೆನೆದು ಬೆಳ್ಳಗಾಗಿ ಬಿರಿದಿದ್ದವು. “ನಿಮ್ಮ ಹತ್ರ ಹೇಳ್ಬೇಕು ಅಂತಿದ್ದೆ. ಅಲ್ಲಿ ಏಳು ಏಳು ಅಂತ ಜಂಬ ಕೊಚ್ಕೊಳ್ತಿದ್ನಲ್ಲ... ಈಗ ಅನ್ಸುತ್ತೆ, ಮಾತಾಡ್ತಾ ಆಡ್ತಾ ಎಷ್ಟೋ ಸಲ ಐದಕ್ಕೇ ಬಿಟ್ಟಿದ್ನೇನೋ. ನನ್ನ ಬಾಯಿ ನಿಮಗೆ ಗೊತ್ತಲ್ಲ.”

“ಹಾಗೇನಿಲ್ಲ...”

“ಇಲ್ಲ ಭಾವ, ಯಂತ್ರ ಬಂದ ದಿನವೇ ಸರಿ ಹೋಯ್ತಂತಲ್ಲ. ಅಷ್ಟು ಓದಿದೋರು ಸುಮ್ಮನೆ ಬರೀತಾರಾ? ಹನ್ನೆರಡು ವರ್ಷ ನನ್ನ ಕೈ ನಂಬ್ಕೊಂಡಿದ್ದೆ.” ಆ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡು, ಬೇರೆ ಯಾರದ್ದೋ ವಸ್ತುವನ್ನು ನೋಡುವ ಹಾಗೆ ನೋಡಿದಳು. “ಕೆಲಸ ಕೊಡಿಸಿದೋರು ನೀವು. ನಿಮ್ಮ ಹೆಸರೂ ಕೆಡಿಸಿಬಿಟ್ಟೆ. ಅದೇ ನಾಚಿಕೆ.”

ಹರಳಣ್ಣನಿಗೆ ನೆಲ ಬಾಯಿ ಬಿಟ್ಟು ನುಂಗಬಾರದೇ ಅನ್ನಿಸಿತು. ಸರ್ಕಾರಿ ಕಾಂಕ್ರೀಟು, ಅದಕ್ಕೆ ಹಾಗೆಲ್ಲ ಬಾಯಿ ಬಿಡುವ ಅಭ್ಯಾಸವಿಲ್ಲ. ಕೆಲಸ ಹೋದರೆ ಇನ್ನೊಂದು ಹುಡುಕಬಹುದು. ತಾನು ಕಸಿದುಕೊಂಡದ್ದು ಕೆಲಸವನ್ನಲ್ಲ, ಅವಳಿಗೆ ತನ್ನ ಕೈಯ ಮೇಲಿದ್ದ ನಂಬಿಕೆಯನ್ನು. ಈಗ ಹೇಳಬೇಕು, ಇಲ್ಲೇ ಹೇಳಬೇಕು ಎಂದು ಬಾಯಿ ತೆರೆದ. “ಊಟ ಆಯ್ತಾ?” ಎಂಬ ಮಾತು ಹೊರಗೆ ಬಂತು.

“ಆಯ್ತು,” ಎಂದಳು ಅವಳು, ಮತ್ತೆ ಕೈಗವಸು ಏರಿಸುತ್ತ.

ಅವನು ಮೆಟ್ಟಿಲು ಹತ್ತಿದ. ಎದುರಿಗೆ ಹೇಳಲು ಬಾರದ ಹೇಡಿಗೆ ಉಳಿದದ್ದು ಒಂದೇ ದಾರಿ. ಕೈಯಿಂದ ಮಾಡಿ ತೋರಿಸುವುದು. ಮರುದಿನ ಏಳು ಗಂಟೆಗೇ ಲ್ಯಾಬಿಗೆ ಬಂದು ನಾಲ್ಕರ ಬದಲು ಎಂಟು ಬೀಕರ್ ದ್ರಾವಣ ಮಾಡಿಟ್ಟ. ಮೇಡಂ ಬಂದಾಗ ಬಾಗಿಲಲ್ಲೇ ತಡೆದ.

“ಮೇಡಂ, ಇವತ್ತು ನಾಲ್ಕು ಅಲಗನ್ನ ಕಾಗದದಲ್ಲಿ ಒರೆಸ್ತೀನಿ. ಇನ್ನು ನಾಲ್ಕನ್ನ ಇದರಲ್ಲಿ.” ಸೊಂಟದ ಬಟ್ಟೆ ಎಳೆದು ತೋರಿಸಿದ. ಡಬ್ಬಿಯಿಂದ ಒಂದು ಚಿಟಿಕೆ ಬಲಚ ಹರಳನ್ನು ತೆಗೆದು, ಮೇಡಂ ನೋಡುತ್ತಿದ್ದ ಹಾಗೆಯೇ ಬೆರಳಲ್ಲಿ ಉಜ್ಜಿ, ಬಟ್ಟೆಗೆ ಒರೆಸಿ, ಅದರಿಂದ ಅಲಗನ್ನು ಒರೆಸಿದ. “ನಾನು ದಿನಾ ಹೀಗೇ ಮಾಡ್ತಿದ್ದೆ. ಏನೂ ಕೇಳ್ಬೇಡಿ. ಸಂಜೆ ನೋಡಿ.”

ಮೇಡಂ ಏನೂ ಕೇಳಲಿಲ್ಲ, ಆದರೆ ಅವರ ಮುಖದ ನಗು ಮಧ್ಯಾಹ್ನದೊಳಗೆ ಪೂರ್ತಿ ಆರಿತು. ನಾಲ್ಕು ಗಂಟೆಗೆ ಎಂಟು ಹಲಗೆಗಳನ್ನು ತಾವೇ ಹರಡಿ, ತಾವೇ ಹಾಳೆ ತಿರುಗಿಸಿದರು. ಕಾಗದದ ಅಲಗಿನವು ಮೂರು ಜೇನು, ಒಂದು ನೀಲಿ. ಬಟ್ಟೆಯ ಅಲಗಿನವು ನಾಲ್ಕೂ ನೀಲಿ.

“ಈ ಉಪ್ಪು ಹತ್ತಿದ ಬಟ್ಟೆ ಸೊಂಟಕ್ಕೆ ಸಿಕ್ಕಿಸ್ಕೊಂಡು ಬಿಸಿ ಒಲೆ ಮುಂದೆ ನಿಲ್ತಿದ್ರಾ?” ಮೊದಲು ಬಂದ ಮಾತು ಇದು. “ಇದು ಬೆಂಕಿ ಕೆರಳಿಸೋ ಉಪ್ಪು, ಒಂದು ಕಿಡಿ ಬಿದ್ರೆ ಹತ್ಕೊಂಡು ಉರಿದುಹೋಗ್ತಿದ್ರಿ, ಗೊತ್ತಾ? ಗೋಡೆ ಮೇಲೆ ಬರೆದಿರೋದು ಅಲಂಕಾರಕ್ಕಾ?”

ಅವನು ಬಟ್ಟೆಯನ್ನು ಮಡಿಸಿ ಮೇಜಿನ ಮೇಲಿಟ್ಟ.

ಮೇಡಂ ಪುಸ್ತಕ ತೆರೆದರು. “ಮೋಟಾರು ಕೆಟ್ಟಿತ್ತು ಅಂತಿದೆ.”

“ಕೆಟ್ಟಿರಲಿಲ್ಲ.”

“ಅಂದ್ರೆ ಆಗಲೇ ಗೊತ್ತಿತ್ತು.”

“ಹೌದು ಮೇಡಂ.”

“ಮೂರು ವಾರ.” ಅವರು ಪುಸ್ತಕ ಮುಚ್ಚಿದರು. ಜೋರು ಮಾಡಿದ್ದರೆ ಅವನಿಗೆ ಹಗುರವಾಗುತ್ತಿತ್ತು. “ಆವತ್ತು ಅವರ ಕೈ ಅವಸರ ಅಂದ್ರಲ್ಲ. ನಿಜವಾಗ್ಲೂ ಹಾಗಿತ್ತಾ?”

“ಇಲ್ಲ. ಅಂಥ ಕೈ ಈ ಕಟ್ಟಡದಲ್ಲೇ ಇಲ್ಲ.”

ಮೇಡಂ ಎಂಟು ಹಲಗೆಗಳನ್ನೂ ಸಾಲಾಗಿ ಜೋಡಿಸಿದರು. “ನಾನೂ ನಿಮ್ಮನ್ನ ಕೇಳಿದೆ, ಅವರನ್ನ ಕೇಳಲಿಲ್ಲ,” ಎಂದು ತಮ್ಮಷ್ಟಕ್ಕೇ ಹೇಳಿ ಫೋನು ಎತ್ತಿದರು. “ಅವರನ್ನ ಮೇಲೆ ಕರೆಸ್ತೀನಿ. ನಾನು ಹೇಳಲ್ಲ. ನೀವೇ ಹೇಳ್ಬೇಕು.”

ಗಾಜಕ್ಕ ಕೈ ಒರೆಸಿಕೊಳ್ಳುತ್ತ ಬಂದಳು. ಕೊನೆಯ ಕಾಗದ ಕೊಡಲು ಕರೆದಿದ್ದಾರೆ ಎಂದುಕೊಂಡಿದ್ದಳೇನೋ, ಕೂರಲೂ ಇಲ್ಲ. ಹರಳಣ್ಣ ಬಟ್ಟೆಯ ಕತೆ ಹೇಳಿದ. ಬೆರಳು, ಬಟ್ಟೆ, ಅಲಗು, ನೀಲಿ, ಜೇನು, ಎಲ್ಲ. ಅವಳು ಎಂಟು ಹಲಗೆಗಳನ್ನು ಒಂದೊಂದಾಗಿ ನೋಡಿದಳು. ಅರ್ಥವಾಗುತ್ತಲೇ ಮುಖ ಅರಳಿತು.

“ಎಂಟನೇ ಸಲ!” ಎಂದು ಹೊಟ್ಟೆ ಹಿಡಿದುಕೊಂಡು ನಗತೊಡಗಿದಳು. “ಅಯ್ಯೋ ಭಾವ! ನಿಮ್ಮ ಸಮಾಧಾನಕ್ಕೆ ಬೆಂಕಿ ಬೀಳ! ಹಾಗಾದ್ರೆ ನಾನು ಏಳು ಸಲ ತೊಳೆದಿದ್ದೆ. ತೊಳೆದಿದ್ದೆ ಅಲ್ವಾ ಮೇಡಂ?” ನಗುತ್ತ ನಗುತ್ತ ಕಣ್ಣಲ್ಲಿ ನೀರು ಬಂತು. ಮೇಡಂ “ತೊಳೆದಿದ್ರಿ, ಅಮ್ಮ,” ಎಂದರು.

ಅಲ್ಲಿಗೇ ಬಿಟ್ಟಿದ್ದರೆ ಬಿಡಬಹುದಿತ್ತು. ಅವಳು ಕ್ಷಮಿಸಿಯೇಬಿಟ್ಟಿದ್ದಳು. ಆದರೆ ಮೇಡಂ ಅವನನ್ನೇ ನೋಡುತ್ತಿದ್ದರು.

“ಇನ್ನೊಂದಿದೆ,” ಎಂದ ಹರಳಣ್ಣ. ತನ್ನ ದನಿ ತನಗೇ ಬೇರೆಯವರದಾಗಿ ಕೇಳಿತು. “ಮೇಡಂ ನಿನ್ನ ಬಗ್ಗೆ ಕೇಳಿದಾಗ, ಅವಳ ಕೈ ಸ್ವಲ್ಪ ಅವಸರ ಅಂತ ಹೇಳಿದೋನು ನಾನೇ. ಸುಳ್ಳೇ ಹೇಳ್ದೆ. ಆಮೇಲೆ ನನ್ನದೇ ತಪ್ಪು ಅಂತ ಗೊತ್ತಾದ್ರೂ ಮೂರು ವಾರ ಮುಚ್ಚಿಟ್ಟೆ.”

ನಗು ನಿಂತದ್ದು ಕಾಣಿಸಲಿಲ್ಲ. ನಿಂತಿರುವುದು ಮಾತ್ರ ಕಾಣಿಸಿತು.

“ನಾನು ಹೊರಟ ದಿನ ಕೇಳಿದ್ನಲ್ಲ,” ಎಂದಳು. “ಹೇಳ್ದೆ ಅಂದ್ರಿ.”

“ಹ್ಞೂ.”

“ಹೇಳಿದ್ದೇನೋ ನಿಜ.”

ಆಮೇಲೆ ಅವಳು ಅವನ ಕಡೆ ತಿರುಗಲಿಲ್ಲ. ಮೇಡಂ ಕಡೆ ನೋಡಿ, ತರಕಾರಿ ಕೊಳ್ಳುವಾಗಿನ ದನಿಯಲ್ಲಿ ಕೇಳಿದಳು: “ಆಫೀಸಲ್ಲಿ ನನ್ನ ಹೆಸರಿನ ಮೇಲೆ ಬರೆದಿರೋದು ಇದೆಯಲ್ಲ ಮೇಡಂ. ಅದು ಬಾಯಿ ಮಾತಲ್ಲಿ ಹೋಗಲ್ಲ. ಬರೆದೇ ಹೋಗ್ಬೇಕು.”

“ನಾನು ಬರೀತೀನಿ,” ಎಂದರು ಮೇಡಂ.

“ನೀವೂ ಬರೀರಿ. ಅವರೂ ಬರೀಲಿ.”

ಹರಳಣ್ಣ ಬರೆದ. ಮೊದಲ ಸಲ ಬರೆದದ್ದರಲ್ಲಿ ‘ಅಚಾತುರ್ಯದಿಂದ’ ಎಂದಿತ್ತು; ಗಾಜಕ್ಕ ಓದಿಸಿಕೊಂಡು, “ಅದು ತೆಗೀರಿ,” ಎಂದಳು. ತೆಗೆದು ಇನ್ನೊಂದು ಹಾಳೆಯಲ್ಲಿ ಬರೆದ. ಕಾಗದ ಆಫೀಸಿಗೆ ಹೋಯಿತು. ಹರಳಣ್ಣನಿಗೆ ಎಚ್ಚರಿಕೆಯ ಪತ್ರ ಬಂತು, ಕಟ್ಟಡದ ಮೂರು ಮಹಡಿಗೂ ಸುದ್ದಿ ಹೋಯಿತು, ಹರಳೆಣ್ಣೆ ಎನ್ನುವವರು ಈಗ ಮುಂದೆಯೇ ಅನ್ನತೊಡಗಿದರು. ಮನೆಯಲ್ಲಿ ಹೆಂಡತಿಗೆ ಅವನೇ ಹೇಳಿದ. ಅವಳು ಪೂರ್ತಿ ಕೇಳಿ, ಒಲೆ ಆರಿಸಿ, ಎರಡು ಸೀರೆ ಮಡಿಸಿಕೊಂಡು ನಾಲ್ಕು ದಿನ ತಂಗಿಯ ಮನೆಯಲ್ಲಿ ಇದ್ದು ಬಂದಳು. ಬಂದ ಮೇಲೆ ಆ ವಿಷಯ ಎತ್ತಲಿಲ್ಲ. ಎತ್ತಿದ್ದರೆ ಒಳ್ಳೆಯದಿತ್ತು.

ತಿಂಗಳ ಕೊನೆಗೆ ಗಾಜಕ್ಕನ ಕಾಗದ ಹೊಸದಾಯಿತು. ಯಂತ್ರವನ್ನು ಬೇರೆ ಲ್ಯಾಬಿಗೆ ಸಾಗಿಸಿದರು; ಅವಳೇ ಮೇಡಂಗೆ ಹೇಳಿ ಸಾಗಿಸಿದ್ದು. ಸೋಮವಾರ ಬೆಳಿಗ್ಗೆ ಹರಳಣ್ಣ ಬರುವಷ್ಟರಲ್ಲಿ ತೊಳೆಯುವ ಕೋಣೆಯಲ್ಲಿ ನೀರಿನ ಸದ್ದು, ಅದರ ಮೇಲೆ ಅವಳ ಮಾತಿನ ಸದ್ದು. ಕಸ ಗುಡಿಸುವವಳ ಜೊತೆ ಇಲಿಗಳ ಸಂಸಾರದ ಬಗ್ಗೆ ಏನೋ ಹೇಳಿ ನಗಿಸುತ್ತಿದ್ದಳು. ಅವನು ಹೊಸ್ತಿಲಿಗೆ ಬಂದೊಡನೆ ಮಾತು ನಿಂತಿತು.

“ಅಲಗು ಒಣಗಿದೆ ಸಾರ್.”

ಹರಳಣ್ಣ ಹಿಂದೆ ತಿರುಗಿ ನೋಡಿದ. ಯಾವ ಸಾರೂ ಬಂದಿರಲಿಲ್ಲ.

“ಸಾರ್ ಅಂದ್ರೆ... ನಾನಾ?”

“ಇಲ್ಲಿ ಇನ್ಯಾರಿದಾರೆ?” ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ಆಫೀಸಿನವರೊಡನೆ ಮಾತಾಡುವಾಗ ಇರುವ ಮುಖ ಅದು; ಹನ್ನೆರಡು ವರ್ಷದಲ್ಲಿ ಆ ಮುಖ ಅವನ ಕಡೆ ತಿರುಗಿರಲಿಲ್ಲ.

ಅಲಗನ್ನು ಹಿಡಿಯಿಂದ ಹಿಡಿದು ಅವಳು ಮುಂದೆ ಚಾಚಿದಳು. ಅವನು ತೆಗೆದುಕೊಳ್ಳಲು ಕೈ ನೀಡಿದ. ಅವಳು ಕೊಡಲಿಲ್ಲ.

“ಕೈ ತೋರ್ಸಿ.”

ಐವತ್ತೆಂಟರ ಹರಳಣ್ಣ ಎರಡೂ ಅಂಗೈ ಮೇಲೆ ಮಾಡಿ ಹಿಡಿದ. ಅವಳು ಹೆಬ್ಬೆರಳನ್ನೂ ತೋರುಬೆರಳನ್ನೂ ನಿಧಾನವಾಗಿ ನೋಡಿದಳು.

“ತೊಳ್ಕೊಂಡು ಬನ್ನಿ ಸಾರ್.”

ಒಳಗೆ ಬರುವ ಮುಂಚೆಯೇ ಅವನು ಕೈ ತೊಳೆದಿದ್ದ. ಅದನ್ನು ಹೇಳಲಿಲ್ಲ. ನಲ್ಲಿಯ ಕಡೆ ಹೋಗಿ, ಅವಳಿಗೆ ಕಾಣುವ ಹಾಗೆ ಪಕ್ಕಕ್ಕೆ ನಿಂತು, ನೀರು ಬಿಟ್ಟ.